ಮತ ಇದೆ, ಮೆಂಬರ್ ಇಲ್ಲ: ಕರಾವಳಿಯ ಸ್ಥಳೀಯ ಚುನಾವಣೆಗಳು ಎಲ್ಲಿ ಸಿಕ್ಕಿಹಾಕಿಕೊಂಡಿವೆ?

‘ಜಿ.ಪಂ., ತಾ.ಪಂ. ಚುನಾವಣೆಗೆ ಸಿದ್ಧತೆ’ ಎಂಬ ತಲೆಬರಹ 2021ರಿಂದ ಆಗಾಗ ಬರುತ್ತಲೇ ಇದೆ. ಬಂದಾಗಲೆಲ್ಲ ಟಿಕೆಟ್ ಆಕಾಂಕ್ಷಿಗಳು ಚುರುಕಾಗುತ್ತಾರೆ. ಮದುವೆ, ನೇಮ, ಬ್ರಹ್ಮಕಲಶ ಒಂದನ್ನೂ ತಪ್ಪಿಸುವುದಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರ ಶುಭಾಶಯದ ಫ್ಲೆಕ್ಸ್ ಏಳುತ್ತದೆ. ಆಮೇಲೆ ಹೈಕೋರ್ಟಿನಲ್ಲಿ ಇನ್ನೊಂದು ದಿನಾಂಕ, ಸರ್ಕಾರದಿಂದ ಇನ್ನಷ್ಟು ಕಾಲಾವಕಾಶದ ಕೋರಿಕೆ. ಫ್ಲೆಕ್ಸ್ ಮಳೆಗೆ ಹರಿದು ಹೋಗುತ್ತದೆ.

ಓದುಗರಿಗೆ ಗೊಂದಲ ಆಗುವುದು ಸಹಜ. ಕೋರ್ಟ್ ತಡೆದಿದೆಯಾ? ಚುನಾವಣಾ ಆಯೋಗ ಸುಮ್ನೆ ಕೂತಿದೆಯಾ? ಸರ್ಕಾರಕ್ಕೆ ಮನಸ್ಸಿಲ್ವಾ? ಮೂರೂ ಮಾತು ಕೇಳಿಬರುತ್ತವೆ. ಯಾವುದು ಎಷ್ಟು ನಿಜ ಎಂದು ತಿಳಿಯಲು ಮತದಾನದ ದಿನಾಂಕ ಹುಡುಕಿ ಪ್ರಯೋಜನವಿಲ್ಲ. ಆ ದಿನಾಂಕಕ್ಕೆ ಮೊದಲು ಆಗಬೇಕಾದ ಕೆಲಸಗಳು ಯಾರ ಕೈಯಲ್ಲಿವೆ ಎಂದು ನೋಡಬೇಕು.

ಈಗ ಎಲ್ಲಿ ಯಾರಿದ್ದಾರೆ?

ದಕ್ಷಿಣ ಕನ್ನಡ ಮತ್ತು ಉಡುಪಿಯ ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತ್‌ಗಳಿಗೆ ಕೊನೆಯ ಮತದಾನ ಆದದ್ದು 2016ರ ಫೆಬ್ರವರಿಯಲ್ಲಿ. ಆಗ ದ.ಕ. ಜಿ.ಪಂ.ನಲ್ಲಿ 36 ಸ್ಥಾನ, ಉಡುಪಿ ಜಿ.ಪಂ.ನಲ್ಲಿ 26. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಅಲ್ಲಿಂದ ಈಚೆಗೆ ಆಡಳಿತಾಧಿಕಾರಿಗಳದ್ದೇ ಆಡಳಿತ. 2016ರಲ್ಲಿ ಮೊದಲ ಸಲ ಮತ ಹಾಕಿದ ಹುಡುಗ ಹುಡುಗಿಯರು ಈಗ ಮೂವತ್ತರ ಹತ್ತಿರ ಬಂದಿದ್ದಾರೆ.

ಈ ನಡುವೆ ಹೊಸ ತಾಲೂಕುಗಳು ಹುಟ್ಟಿದವು. ಕಡಬ, ಮೂಡುಬಿದಿರೆ, ಮೂಲ್ಕಿ, ಉಳ್ಳಾಲ ಒಂದು ಕಡೆ. ಬೈಂದೂರು, ಬ್ರಹ್ಮಾವರ, ಕಾಪು, ಹೆಬ್ರಿ ಇನ್ನೊಂದು ಕಡೆ. ತಾಲೂಕು ಕಚೇರಿ ಬಂತು, ತಹಶೀಲ್ದಾರ್ ಬಂದರು, ಬೋರ್ಡ್ ಬಂತು. ಆದರೆ ಆ ತಾಲೂಕುಗಳ ಹೆಸರಲ್ಲಿ ಪಂಚಾಯತ್ ಚುನಾವಣೆ ಮಾತ್ರ ಒಂದು ಸಲವೂ ಆಗಿಲ್ಲ.

ಮಂಗಳೂರು ಮಹಾನಗರ ಪಾಲಿಕೆಯ ಕಥೆ ಬೇರೆ ದಾರಿ ಹಿಡಿದು ಅಲ್ಲಿಗೇ ತಲುಪಿದೆ. 60 ವಾರ್ಡ್‌ಗಳ ಮನಪಾ ಕೌನ್ಸಿಲ್‌ನ ಅವಧಿ 2025ರ ಫೆಬ್ರವರಿ ಕೊನೆಗೆ ಮುಗಿಯಿತು. ಉಳಿದದ್ದು ಗ್ರಾಮ ಪಂಚಾಯತ್. ಅದಕ್ಕೆ ಮತದಾನ ಆದದ್ದು 2020ರ ಡಿಸೆಂಬರ್‌ನಲ್ಲಿ. ಐದು ವರ್ಷದ ಲೆಕ್ಕದಲ್ಲಿ ಅದೂ 2026ರ ಆರಂಭಕ್ಕೆ ತೀರುತ್ತದೆ.

ಹಾಗಾಗಿ ಪಾಲಿಕೆ ವ್ಯಾಪ್ತಿಯ ಸುರತ್ಕಲ್‌ನ ಮತದಾರರಿಗೆ ಎಂಪಿ ಇದ್ದಾರೆ, ಎಂಎಲ್ಎ ಇದ್ದಾರೆ, ಕಾರ್ಪೊರೇಟರ್ ಇಲ್ಲ. ಹೆಬ್ರಿಯವರಿಗೆ ಜಿ.ಪಂ. ಸದಸ್ಯರೂ ಇಲ್ಲ, ತಾ.ಪಂ. ಸದಸ್ಯರೂ ಇಲ್ಲ, ಗ್ರಾ.ಪಂ. ಮೆಂಬರ್ ಕೂಡ ಮಾಜಿ ಆಗುವ ಹೊತ್ತು. ಕೆಳಗಿನ ಇಷ್ಟೂ ಮೆಟ್ಟಿಲು ಹೆಚ್ಚುಕಡಿಮೆ ಒಟ್ಟಿಗೇ ಖಾಲಿ ಆಗುವ ಸ್ಥಿತಿ ಇದು.

ಕಾನೂನಿನಲ್ಲಿ ಸಡಿಲ ಇದೆಯಾ?

ಈ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. ಮಂಗಳೂರಿಗೆ ಪುರಸಭೆ ಬಂದದ್ದು 1866ರಲ್ಲಿ, ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ. ಸ್ವಾತಂತ್ರ್ಯದ ನಂತರದ ದೊಡ್ಡ ಹೆಜ್ಜೆ 1983ರ ಕಾಯ್ದೆ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅದರ ಹಿಂದಿನ ಶಕ್ತಿ. ಆ ಕಾಯ್ದೆಯಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತ್‌ಗಳಿಗೆ ಚುನಾವಣೆ ಆಯಿತು. ಮಹಿಳೆಯರಿಗೆ ಶೇ. 25 ಮೀಸಲಾತಿ ಆಗಲೇ ಇತ್ತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಇಂದಿನವರಿಗೆ ಇದನ್ನು ನಂಬುವುದೇ ಕಷ್ಟ.

1987ರಲ್ಲಿ ಗೆದ್ದವರ ಅವಧಿ 1992ರಲ್ಲಿ ಮುಗಿಯಿತು. ಸರ್ಕಾರ ಬದಲಾಗಿತ್ತು, ಮತ್ತೆ ಚುನಾವಣೆ ನಡೆಸಲಿಲ್ಲ. ರಾಜ್ಯ ಸರ್ಕಾರದ ಮರ್ಜಿಗೆ ಬಿಟ್ಟರೆ ಪಂಚಾಯತ್‌ಗಳು ಹೀಗೇ ನಿಂತುಹೋಗುತ್ತವೆ ಎಂದು ದೇಶದ ಹಲವು ಕಡೆ ಅನುಭವಕ್ಕೆ ಬಂದಿತ್ತು. ಅದಕ್ಕೇ 1993ರಲ್ಲಿ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ಜಾರಿಗೆ ಬಂದವು. 243ಇ ವಿಧಿ ಪಂಚಾಯತ್‌ಗಳಿಗೆ, 243ಯು ವಿಧಿ ನಗರಸಭೆ-ಪಾಲಿಕೆಗಳಿಗೆ. ಎರಡರಲ್ಲೂ ಮಾತು ಒಂದೇ: ಅವಧಿ ಐದು ವರ್ಷ, ಅದಕ್ಕಿಂತ ಜಾಸ್ತಿ ಇಲ್ಲ, ಅದು ಮುಗಿಯುವ ಮೊದಲೇ ಹೊಸ ಚುನಾವಣೆ ಆಗಿರಬೇಕು.

2006ರಲ್ಲಿ ಅಹಮದಾಬಾದ್ ಪಾಲಿಕೆಗೆ ಸಂಬಂಧಿಸಿದ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಗಟ್ಟಿ ಮಾಡಿತು. ನೆರೆ, ಭೂಕಂಪದಂಥ ಅಸಾಧಾರಣ ಕಾರಣ ಇಲ್ಲದಿದ್ದರೆ ಮುಂದೂಡುವಂತಿಲ್ಲ. ಸರ್ಕಾರ ಸಹಕರಿಸದಿದ್ದರೆ ರಾಜ್ಯ ಚುನಾವಣಾ ಆಯೋಗ ಕೋರ್ಟಿಗೆ ಹೋಗಬಹುದು. ಇಷ್ಟು ಸ್ಪಷ್ಟ ಇದ್ದರೂ ಐದು ವರ್ಷ ಖಾಲಿ ಹೋಯಿತು ಅಂದರೆ, ಕಿಂಡಿ ಎಲ್ಲೋ ಇರಲೇಬೇಕು ಅಲ್ವಾ? ಒಂದಲ್ಲ, ಮೂರು ಇವೆ.

ಮೊದಲ ಕಿಂಡಿ: ಐದು ವರ್ಷ ಎಲ್ಲಿಂದ ಶುರು?

ಸಂವಿಧಾನ ಐದು ವರ್ಷವನ್ನು ಮತದಾನದ ದಿನದಿಂದ ಎಣಿಸುವುದಿಲ್ಲ. ಮೊದಲ ಸಭೆಗೆ ಗೊತ್ತುಮಾಡಿದ ದಿನದಿಂದ ಎಣಿಸುತ್ತದೆ. ಮೊದಲ ಸಭೆ ಎಂದರೆ ಮೇಯರ್ ಅಥವಾ ಅಧ್ಯಕ್ಷರ ಆಯ್ಕೆ. ಆ ಹುದ್ದೆ ಈ ಸಲ ಯಾವ ವರ್ಗಕ್ಕೆ ಎಂದು ಹೇಳುವುದು ಸರ್ಕಾರ. ಆ ಮೀಸಲಾತಿ ಪಟ್ಟಿಗೆ ಯಾರಾದರೂ ಆಕ್ಷೇಪ ಎತ್ತಿದರೆ ಪ್ರಕರಣ ಕೋರ್ಟಿಗೆ. ಅಲ್ಲಿ ಇತ್ಯರ್ಥ ಆಗುವವರೆಗೆ ಗೆದ್ದವರು ಮನೆಯಲ್ಲಿ.

ಮಂಗಳೂರು ಇದಕ್ಕೆ ಒಳ್ಳೆಯ ಉದಾಹರಣೆ. 2013ರ ಮಾರ್ಚ್‌ನಲ್ಲಿ ಮತದಾನ ಆಯಿತು. ಮೇಯರ್ ಕುರ್ಚಿಯಲ್ಲಿ ಕೂತದ್ದು 2014ರ ಮಾರ್ಚ್‌ನಲ್ಲಿ. ಒಂದು ವರ್ಷ 60 ಮಂದಿ ಗೆದ್ದೂ ಕೌನ್ಸಿಲ್ ಇರಲಿಲ್ಲ. ಆ ಅವಧಿ 2019ರ ಮಾರ್ಚ್‌ಗೆ ಮುಗಿಯಿತು. ಮುಂದಿನ ಮತದಾನ ಅದೇ ವರ್ಷದ ನವೆಂಬರ್ 12ಕ್ಕೆ. ಹೊಸ ಮೇಯರ್ ಬಂದದ್ದು 2020ರ ಫೆಬ್ರವರಿ ಕೊನೆಗೆ. ಅಂದರೆ 2013ರಿಂದ 2025ರವರೆಗಿನ ಹನ್ನೆರಡು ವರ್ಷಗಳಲ್ಲಿ ಎರಡು ವರ್ಷದಷ್ಟು ಕಾಲ ನಗರವನ್ನು ನಡೆಸಿದ್ದು ಆಡಳಿತಾಧಿಕಾರಿ. ‘ಇದೆಂಥ ಲೆಕ್ಕ ಮಾರಾಯ್ರೆ’ ಅನಿಸಬಹುದು. ಆದರೆ ಕಾಗದದ ಮೇಲೆ ಎಲ್ಲ ಸರಿ. ಎರಡೂ ಕೌನ್ಸಿಲ್‌ಗಳಿಗೆ ಪೂರ್ತಿ ಐದು ವರ್ಷ ಸಿಕ್ಕಿದೆ.

ಆ ಖಾಲಿ ಅವಧಿಯಲ್ಲೇ, 2019ರ ಆಗಸ್ಟ್‌ನಲ್ಲಿ, ಪಚ್ಚನಾಡಿಯ ಕಸದ ಗುಡ್ಡ ಜಾರಿತು. ಮಂದಾರದ ತೋಟ, ಮನೆಗಳ ಕಡೆಗೆ ಕಸ ಹರಿಯಿತು. ಕುಟುಂಬಗಳು ಮನೆ ಬಿಡಬೇಕಾಯಿತು. ಕೌನ್ಸಿಲ್ ಇದ್ದಿದ್ದರೆ ಗುಡ್ಡ ಜಾರುತ್ತಿರಲಿಲ್ಲ ಎಂದು ಹೇಳಲಾಗದು. ಆ ಕಸ ಹಲವು ಕೌನ್ಸಿಲ್‌ಗಳ ಕಾಲದಲ್ಲಿ ರಾಶಿ ಬಿದ್ದದ್ದು. ಆದರೆ ನಗರದ ದೊಡ್ಡ ಅವಘಡವೊಂದರ ಸಮಯದಲ್ಲಿ ಉತ್ತರ ಕೇಳಲು ಸಾಮಾನ್ಯ ಸಭೆಯೇ ಇರಲಿಲ್ಲ ಎಂಬುದು ನಿಜ. ಪ್ರಶ್ನೆ ಕೇಳುವ ಜಾಗ ಕೊನೆಗೆ ಹೈಕೋರ್ಟ್ ಆಯಿತು.

ಉಡುಪಿ ನಗರಸಭೆಯಲ್ಲಿ ಇನ್ನೂ ವಿಚಿತ್ರ. 35 ವಾರ್ಡ್‌ಗಳಿಗೆ 2018ರ ಆಗಸ್ಟ್‌ನಲ್ಲಿ ಮತದಾನ. ಅಧ್ಯಕ್ಷರ ಆಯ್ಕೆ 2020ರ ಅಕ್ಟೋಬರ್‌ನಲ್ಲಿ. ಎರಡು ವರ್ಷಕ್ಕೂ ಹೆಚ್ಚು ಕಾಲ ಸದಸ್ಯರು ಹೆಸರಿಗೆ ಮಾತ್ರ ಸದಸ್ಯರು. ವಾರ್ಡಿನವರು ಚರಂಡಿ, ಬೀದಿದೀಪ ಎಂದು ಅವರ ಮನೆಗೇ ಹೋಗುತ್ತಾರೆ. ಅವರು ಅಧಿಕಾರಿಗೆ ಫೋನ್ ಮಾಡಬಹುದು, ಅಷ್ಟೇ. ಸಭೆ ಇಲ್ಲ, ನಿರ್ಣಯ ಇಲ್ಲ, ಸ್ಥಾಯಿ ಸಮಿತಿ ಇಲ್ಲ. ಆಗ ರಾಜ್ಯದ ಬೇರೆ ಹಲವು ಪಟ್ಟಣಗಳಲ್ಲೂ ಇದೇ ಸ್ಥಿತಿ ಇತ್ತು.

ಎರಡನೇ ಕಿಂಡಿ: ಗಡಿ ಗೆರೆ ಎಳೆಯುವವರು ಯಾರು?

ಜಿ.ಪಂ., ತಾ.ಪಂ. ಕ್ಷೇತ್ರಗಳ ಪುನರ್ವಿಂಗಡಣೆ 2021ರವರೆಗೆ ರಾಜ್ಯ ಚುನಾವಣಾ ಆಯೋಗದ ಕೈಯಲ್ಲಿತ್ತು. ಆ ವರ್ಷ ಆಯೋಗ ಕ್ಷೇತ್ರಗಳ ಕೆಲಸ ಮುಗಿಸಿ, ಮೀಸಲಾತಿಯ ಕರಡು ಪಟ್ಟಿಯನ್ನೂ ಹೊರಡಿಸಿತ್ತು. ಚುನಾವಣೆ ಇನ್ನೇನು ಬಂತು ಅನ್ನುವಾಗ ಆಗಿನ ಬಿಜೆಪಿ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದಿತು. ಆ ಅಧಿಕಾರ ಆಯೋಗದಿಂದ ತಪ್ಪಿ, ಸರ್ಕಾರ ನೇಮಿಸುವ ಪ್ರತ್ಯೇಕ ಸೀಮಾ ನಿರ್ಣಯ ಆಯೋಗಕ್ಕೆ ಹೋಯಿತು. ಅಲ್ಲಿಯವರೆಗಿನ ಕೆಲಸ ಕಡತಕ್ಕೆ ಸೇರಿತು. ಗೆರೆ ಎಳೆಯುವ ಕೆಲಸ ಮೊದಲಿಂದ ಶುರು.

ರಾಜ್ಯ ಚುನಾವಣಾ ಆಯೋಗ ಹೈಕೋರ್ಟಿಗೆ ಹೋಯಿತು. ಕಾಲಾವಕಾಶ ಕೇಳುತ್ತಲೇ ಇದ್ದ ಸರ್ಕಾರಕ್ಕೆ 2022ರ ಡಿಸೆಂಬರ್‌ನಲ್ಲಿ ಹೈಕೋರ್ಟ್ 5 ಲಕ್ಷ ರೂಪಾಯಿ ದಂಡ ಹಾಕಿತು. 2023ರ ಮೇನಲ್ಲಿ ಸರ್ಕಾರ ಬದಲಾಯಿತು, ಕಾಂಗ್ರೆಸ್ ಬಂತು. ವಿರೋಧ ಪಕ್ಷದಲ್ಲಿದ್ದಾಗ ‘ಪಂಚಾಯತ್ ಚುನಾವಣೆ ಯಾಕೆ ಮಾಡುವುದಿಲ್ಲ’ ಎಂದು ಕೇಳುತ್ತಿದ್ದವರು ಈಗ ಕಾಲಾವಕಾಶ ಕೇಳುವವರಾದರು. ಮೊದಲು ಕಾಲಾವಕಾಶ ಕೇಳುತ್ತಿದ್ದವರು ಈಗ ಪ್ರತಿಭಟನೆ ಮಾಡುತ್ತಾರೆ. ಪಾತ್ರ ಅದಲುಬದಲಾಯಿತು, ಆಟ ಅದೇ.

ಯಾಕೆ ಎರಡೂ ಕಡೆಯವರಿಗೆ ಇಷ್ಟು ಉದಾಸೀನ? ಗೆರೆ ಎಳೆಯುವುದು ಸುಮ್ನೆ ನಕ್ಷೆಯ ಕೆಲಸ ಅಲ್ಲ. ಒಂದು ಗ್ರಾಮವನ್ನು ಈಚೆಯ ಕ್ಷೇತ್ರದಿಂದ ಆಚೆಗೆ ಸರಿಸಿದರೆ ಒಬ್ಬರ ಗೆಲುವು ಇನ್ನೊಬ್ಬರದ್ದಾಗಬಹುದು. ಕರಾವಳಿಯಲ್ಲಿ ಒಂದೊಂದು ಊರಿನ ಜಾತಿ-ಪಕ್ಷದ ಲೆಕ್ಕ ಎಲ್ಲರಿಗೂ ಬಾಯಿಪಾಠ. ಅಧಿಕಾರದಲ್ಲಿರುವವರು ಅದನ್ನು ಬೇರೆಯವರ ಕೈಗೆ ಬಿಡಲು ಒಪ್ಪುವುದಿಲ್ಲ.

ಮೂರನೇ ಕಿಂಡಿ: ಮೀಸಲಾತಿ ಪಟ್ಟಿ

ಇದು ನಿಜವಾಗಿಯೂ ಜಟಿಲ. ಆದ್ದರಿಂದಲೇ ನೆಪಕ್ಕೂ ಅನುಕೂಲ.

ಪರಿಶಿಷ್ಟ ಜಾತಿ, ಪಂಗಡ ಮತ್ತು ಮಹಿಳೆಯರ ಮೀಸಲಾತಿಯನ್ನು ಸಂವಿಧಾನವೇ ಕಡ್ಡಾಯ ಮಾಡಿದೆ. ಹಿಂದುಳಿದ ವರ್ಗಗಳಿಗೆ ಮೀಸಲಾತಿ ಕೊಡುವುದು ರಾಜ್ಯದ ಇಷ್ಟಕ್ಕೆ ಬಿಟ್ಟದ್ದು. 2010ರಲ್ಲಿ ಕೆ. ಕೃಷ್ಣಮೂರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿತು. ಶಿಕ್ಷಣ, ಉದ್ಯೋಗದಲ್ಲಿ ಹಿಂದುಳಿದವರೆಲ್ಲ ರಾಜಕೀಯದಲ್ಲೂ ಹಿಂದುಳಿದಿದ್ದಾರೆ ಎಂದು ಹಾಗೇ ಭಾವಿಸುವಂತಿಲ್ಲ, ಅದಕ್ಕೆ ಬೇರೆಯೇ ಅಂಕಿಅಂಶ ಬೇಕು. 2021ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ವಿಕಾಸ್ ಗವಳಿ ಪ್ರಕರಣದಲ್ಲಿ ಅದಕ್ಕೆ ಮೂರು ಷರತ್ತುಗಳ ರೂಪ ಸಿಕ್ಕಿತು. ಇದಕ್ಕೆಂದೇ ಆಯೋಗ ರಚಿಸಬೇಕು. ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಎಷ್ಟು ಮೀಸಲಾತಿ ಬೇಕು ಎಂದು ಅದು ಹೇಳಬೇಕು. ಎಸ್‌ಸಿ, ಎಸ್‌ಟಿ, ಒಬಿಸಿ ಎಲ್ಲ ಸೇರಿ ಶೇ. 50 ದಾಟಬಾರದು.

ಕರ್ನಾಟಕ ಅದರಂತೆ ನ್ಯಾಯಮೂರ್ತಿ ಕೆ. ಭಕ್ತವತ್ಸಲ ಆಯೋಗ ರಚಿಸಿತು. 2022ರ ಜುಲೈನಲ್ಲಿ ವರದಿ ಬಂತು. ಒಟ್ಟು ಮಿತಿ ಶೇ. 50ರೊಳಗೆ ಇಟ್ಟುಕೊಂಡು ಹಿಂದುಳಿದ ವರ್ಗಗಳಿಗೆ ಶೇ. 33 ಕೊಡಬಹುದು ಎಂದು ಅದು ಹೇಳಿತು. ಅದಕ್ಕೂ ಮೊದಲೇ, 2022ರ ಮೇನಲ್ಲಿ, ಮಧ್ಯಪ್ರದೇಶದ ಸುರೇಶ್ ಮಹಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಬಾಗಿಲನ್ನೂ ಮುಚ್ಚಿತ್ತು. ಮೂರು ಷರತ್ತು ಪೂರೈಸಲು ಆಗದಿದ್ದರೆ ಒಬಿಸಿ ಸ್ಥಾನಗಳನ್ನು ಸಾಮಾನ್ಯ ಎಂದು ಪರಿಗಣಿಸಿ ಚುನಾವಣೆ ಮಾಡಿ, ಮುಂದೂಡಬೇಡಿ ಎಂಬ ಆದೇಶ. ಎಲ್ಲ ರಾಜ್ಯಗಳಿಗೂ ಇದು ಅನ್ವಯ ಎಂದೂ ಹೇಳಿತ್ತು.

ಹಾಗಾಗಿ ‘ಕೋರ್ಟಿನಿಂದಾಗಿ ತಡ’ ಎಂಬ ಮಾತು ಅರ್ಧ ಸತ್ಯ ಕೂಡ ಅಲ್ಲ. ಕೋರ್ಟ್ ಹೇಳಿದ್ದು ‘ಲೆಕ್ಕ ತಂದು ಮೀಸಲಾತಿ ಕೊಡಿ, ಲೆಕ್ಕ ಇಲ್ಲದಿದ್ದರೂ ಚುನಾವಣೆ ಮಾಡಿ’ ಎಂದು. ರಾಜಕೀಯದ ಕಷ್ಟ ಬೇರೆ. ಒಬಿಸಿ ಸ್ಥಾನಗಳನ್ನು ಸಾಮಾನ್ಯ ಮಾಡಿ ಚುನಾವಣೆಗೆ ಹೋಗುವ ಧೈರ್ಯ ಯಾವ ಪಕ್ಷಕ್ಕೂ ಇಲ್ಲ. ಕರಾವಳಿಯಲ್ಲಂತೂ ಅದು ಆಗದ ಮಾತು. ಹಾಗೆ ಮಾಡುವುದು ಸರಿಯೂ ಅಲ್ಲ. ದೊಡ್ಡ ಸಮುದಾಯಗಳು ಟಿಕೆಟ್ ಹೇಗಾದರೂ ಪಡೆಯುತ್ತವೆ. ಕುಲಾಲರು, ಮಡಿವಾಳರಂಥ ಸಣ್ಣ ಸಮುದಾಯಗಳಿಗೆ ಒಳಗೆ ಬರಲು ರೋಸ್ಟರ್ (ಸರದಿಯಂತೆ ಬರುವ ಮೀಸಲಾತಿ) ಬಿಟ್ಟರೆ ಬೇರೆ ದಾರಿ ಕಡಿಮೆ. ಆದ್ದರಿಂದ ಸರ್ಕಾರಗಳ ಮುಂದೆ ಉಳಿಯುವ ಸುಲಭದ ಆಯ್ಕೆ ಎಂದರೆ ಏನೂ ಮಾಡದಿರುವುದು.

ಯಾರ ವಾದ ಏನು?

ಸರ್ಕಾರದ ವಾದ: ಅವಸರದಲ್ಲಿ ಪಟ್ಟಿ ಹೊರಡಿಸಿದರೆ ಕೋರ್ಟಿನಲ್ಲಿ ಬೀಳುತ್ತದೆ, ಆಗ ಇನ್ನೂ ತಡ. ಈ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. 2013, 2018ರ ಅನುಭವ ಕಣ್ಣ ಮುಂದೆ ಇದೆ. ಆದರೆ ಸರಿಯಾದ ಪಟ್ಟಿ ಮಾಡಲು ಐದು ವರ್ಷ ಬೇಕೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ.

ಚುನಾವಣಾ ಆಯೋಗ ಹೇಳುವುದು ಚಿಕ್ಕ ಮಾತು: ಮತದಾರರ ಪಟ್ಟಿ, ಸಿಬ್ಬಂದಿ, ಯಂತ್ರ ನಮ್ಮ ಜವಾಬ್ದಾರಿ, ಕ್ಷೇತ್ರ ಮತ್ತು ಮೀಸಲಾತಿ ಪಟ್ಟಿ ನೀವು ಕೊಡಿ.

ಮೂರನೆಯ ವಾದ ಸ್ವಲ್ಪ ಕುತೂಹಲದ್ದು. ತಾಲೂಕು ಪಂಚಾಯತ್ ಬೇಕೇ ಬೇಡ ಎನ್ನುವವರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಸದಸ್ಯರ ಕೈಗೆ ಬರುವ ಅನುದಾನ ಅಷ್ಟಕ್ಕಷ್ಟೆ, ಅಧಿಕಾರ ಅದಕ್ಕಿಂತ ಕಡಿಮೆ, ಎರಡು ಹಂತ ಸಾಕು ಎಂಬುದು ಅವರ ಮಾತು. ಆದರೆ 20 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ರಾಜ್ಯದಲ್ಲಿ ಮೂರೂ ಹಂತ ಇರಲೇಬೇಕು ಎಂದು ಸಂವಿಧಾನ ಹೇಳುತ್ತದೆ. ಅದನ್ನು ತೆಗೆಯಬೇಕಾದರೆ ಸಂವಿಧಾನವನ್ನೇ ತಿದ್ದಬೇಕು. ಹಾಗೆ ತಿದ್ದದೆ, ಚುನಾವಣೆ ಮಾಡದೆ, ಆ ಹಂತ ಇಲ್ಲದಂತೆ ನಡೆದುಕೊಳ್ಳಬಹುದು ಎಂದು ಈ ಐದು ವರ್ಷ ತೋರಿಸಿಕೊಟ್ಟಿವೆ.

ಮಾತಾಡದೆ ಇರುವವರದ್ದೂ ಒಂದು ನಿಲುವು. ಶಾಸಕರು. ಜಿ.ಪಂ. ಸದಸ್ಯ ಎಂದರೆ ಮುಂದಿನ ಚುನಾವಣೆಯಲ್ಲಿ ಶಾಸಕರ ಟಿಕೆಟ್ ಕೇಳಬಲ್ಲ ವ್ಯಕ್ತಿ. ಕೋಟತಟ್ಟು ಗ್ರಾಮ ಪಂಚಾಯತ್ ಸದಸ್ಯರಾಗಿ ಶುರು ಮಾಡಿದ ಕೋಟ ಶ್ರೀನಿವಾಸ ಪೂಜಾರಿ ಸಚಿವರಾದರು, ಈಗ ಸಂಸದರು. ಅಂಥ ಏಣಿ ಮಧ್ಯದಲ್ಲಿ ಇಲ್ಲದಿದ್ದರೆ ಮೇಲಿರುವವರಿಗೆ ನೆಮ್ಮದಿ. ಜೊತೆಗೆ ಗ್ರಾಮೀಣ ಕಾಮಗಾರಿಯ ಪಟ್ಟಿಗೆ ಹಂಚಿಕೊಳ್ಳುವ ಕೈ ಕಡಿಮೆ. ಎಲ್ಲ ಶಾಸಕರೂ ಹೀಗೆ ಯೋಚಿಸುತ್ತಾರೆ ಎಂದಲ್ಲ. ಚುನಾವಣೆ ತಡವಾದರೆ ಅವರಲ್ಲಿ ಯಾರಿಗೂ ನಷ್ಟ ಇಲ್ಲ ಎಂಬುದೇ ಸಮಸ್ಯೆಯ ಮೂಲ. 5 ಲಕ್ಷದ ದಂಡವೂ ಬೊಕ್ಕಸದಿಂದಲೇ ಹೋಗುವುದು.

ಮೆಂಬರ್ ಇಲ್ಲದಿದ್ದರೆ ನಷ್ಟ ಏನು?

‘ರಸ್ತೆ ಆಗ್ತಾ ಇದೆ, ನೀರು ಬರ್ತಾ ಇದೆ, ಲಂಚವೂ ಒಂದು ಕೈ ಕಡಿಮೆ. ಮತ್ತೆಂಥ?’ ಎಂದು ಕೇಳುವವರಿದ್ದಾರೆ. ಕೌನ್ಸಿಲ್ ಇದ್ದಾಗಲೂ ಮಂಗಳೂರಿನಲ್ಲಿ ಎಲ್ಲ ಚೆನ್ನಾಗಿರಲಿಲ್ಲ ಎಂಬುದನ್ನು ಒಪ್ಪೋಣ. ವರ್ಷಕ್ಕೊಬ್ಬ ಮೇಯರ್ ಪದ್ಧತಿಯಲ್ಲಿ 2014ರಿಂದ 2019ರ ಒಳಗೆ ಐವರು, 2020ರಿಂದ 2025ರ ಒಳಗೆ ಐವರು ಬಂದುಹೋದರು. ವರ್ಷದಲ್ಲಿ ಯಾರು ಏನು ಮಾಡಲು ಸಾಧ್ಯ?

ಆದರೂ ವ್ಯತ್ಯಾಸ ಇದೆ. ಮೇ ತಿಂಗಳನ್ನೇ ನೋಡಿ. ಮಳೆಗಾಲಕ್ಕೆ ಮೊದಲು ಚರಂಡಿ, ರಾಜಕಾಲುವೆಗಳ ಹೂಳು ತೆಗೆಯಬೇಕು. ಕೊಟ್ಟಾರ ಚೌಕಿ, ಪಂಪ್‌ವೆಲ್‌ನಲ್ಲಿ ನೀರು ನಿಲ್ಲುವುದು ಎಲ್ಲರಿಗೂ ಗೊತ್ತು, ಅಲ್ಲಿ ಜೆಸಿಬಿ ಹೋಗುತ್ತದೆ. ಆದರೆ ಒಳರಸ್ತೆಯ ಯಾವ ತಿರುವಿನಲ್ಲಿ ಮೋರಿ ಕಟ್ಟಿದೆ, ಯಾರ ಕಂಪೌಂಡ್ ತೋಡಿನ ಮೇಲೆ ಬಂದಿದೆ ಎಂಬುದು ಕಾರ್ಪೊರೇಟರ್‌ಗೆ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ರಾತ್ರಿ ಹನ್ನೊಂದಕ್ಕೆ ಜನ ಫೋನ್ ಮಾಡಿ ತಿಳಿಸುತ್ತಾರೆ. ಮುಂದಿನ ಚುನಾವಣೆಯ ಭಯಕ್ಕೆ ಅವರು ಫೋನ್ ಎತ್ತುತ್ತಾರೆ. ಈ ಭಯ ಆಡಳಿತಾಧಿಕಾರಿಗೆ ಇರಬೇಕಾಗಿಲ್ಲ. ಸಾಮಾನ್ಯವಾಗಿ ಆ ಹುದ್ದೆ ಜಿಲ್ಲಾಧಿಕಾರಿಯ ಹೆಗಲಿಗೆ ಬೀಳುತ್ತದೆ. ಕಂದಾಯ, ಪ್ರಾಕೃತಿಕ ವಿಕೋಪ, ಕಾನೂನು ಸುವ್ಯವಸ್ಥೆ ನೋಡಿಕೊಂಡು ಉಳಿದ ಹೊತ್ತಿನಲ್ಲಿ 60 ವಾರ್ಡ್.

ವಾರ್ಡ್ ಸಮಿತಿಗಳ ಗತಿಯೂ ಅದೇ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ನಗರದಲ್ಲಿ ವಾರ್ಡ್ ಸಮಿತಿ ಇರಬೇಕು ಎಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. ಮಂಗಳೂರಿನಲ್ಲಿ ಅದು ಬರಲು ನಾಗರಿಕರು ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಸಮಿತಿಗೆ ಅಧ್ಯಕ್ಷರು ಆಯಾ ವಾರ್ಡಿನ ಕಾರ್ಪೊರೇಟರ್. ಅವರೇ ಇಲ್ಲ ಎಂದ ಮೇಲೆ ಸಭೆ ಕರೆಯುವವರು ಯಾರು?

ದುಡ್ಡಿನ ವಿಷಯ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಗ್ರಾಮೀಣ ಸಂಸ್ಥೆಗಳಿಗೆ ದೇಶದಾದ್ಯಂತ 2,36,805 ಕೋಟಿ ರೂಪಾಯಿ ಶಿಫಾರಸು ಮಾಡಿತು. ಅದರಲ್ಲಿ ಶೇ. 60 ನೀರು ಮತ್ತು ನೈರ್ಮಲ್ಯಕ್ಕೇ ಮೀಸಲು. ದೊಡ್ಡ ಪಾಲು ಗ್ರಾಮ ಪಂಚಾಯತ್‌ಗೆ, ಉಳಿದದ್ದು ತಾಲೂಕು ಮತ್ತು ಜಿಲ್ಲಾ ಹಂತಕ್ಕೆ. ಆದರೆ ಕೇಂದ್ರದ ಷರತ್ತುಗಳಲ್ಲಿ ಒಂದು: ಚುನಾಯಿತ ಸಂಸ್ಥೆ ಇರಬೇಕು. ಜಿ.ಪಂ., ತಾ.ಪಂ. ಖಾಲಿ ಇದ್ದಷ್ಟು ಕಾಲ ಆ ಪಾಲಿಗೆ ಕುತ್ತು. ಈಗ ಗ್ರಾಮ ಪಂಚಾಯತ್ ಕೂಡ ಖಾಲಿಯಾದರೆ ದೊಡ್ಡ ಪಾಲಿಗೇ ಕುತ್ತು. ಏಪ್ರಿಲ್ 2026ರಿಂದ 16ನೇ ಹಣಕಾಸು ಆಯೋಗದ ಅವಧಿ ಶುರು. ಹೊಸ ಲೆಕ್ಕ ಆರಂಭ ಆಗುವ ಹೊತ್ತಿಗೇ ಪಂಚಾಯತ್‌ನಲ್ಲಿ ಸದಸ್ಯರಿಲ್ಲ ಎಂದಾಗುವುದು ದುಬಾರಿ.

ಮಧ್ಯದ ಹಂತದ ಕೆಲಸ ಕಣ್ಣಿಗೆ ಕಾಣುವುದು ಕಡಿಮೆ. ಕಸವನ್ನೇ ತೆಗೆದುಕೊಳ್ಳಿ. ಉಡುಪಿ ಜಿಲ್ಲೆಯ ವಂಡ್ಸೆಯಂಥ ಪಂಚಾಯತ್ ಮನೆಮನೆಯಿಂದ ಕಸ ತಂದು ಬೇರ್ಪಡಿಸಿ ಮಾರಿ ಹೆಸರು ಮಾಡಿತು. ಒಂದು ಪಂಚಾಯತ್ ಅಷ್ಟು ಮಾಡಬಹುದು. ಆದರೆ ಕಾರ್ಕಳ ತಾಲೂಕಿನ ನಿಟ್ಟೆಯ ಒಣಕಸ ಘಟಕದಂಥದ್ದು ಹತ್ತಾರು ಪಂಚಾಯತ್‌ಗಳಿಗೆ ಸೇರಿದ್ದು. ಯಾರ ಕಸ ಎಲ್ಲಿಗೆ, ಸಾಗಾಟದ ಖರ್ಚು ಯಾರದ್ದು, ಹೊಸ ಘಟಕ ಯಾವ ಊರಲ್ಲಿ ಎಂಬ ಜಗಳ ಕೂತು ಬಗೆಹರಿಸುವ ಜಾಗವೇ ಜಿಲ್ಲಾ ಪಂಚಾಯತ್. ಈಗ ಅದು ಅಧಿಕಾರಿಗಳ ಸಭೆಯಲ್ಲಿ ತೀರ್ಮಾನವಾಗುತ್ತದೆ. ತೀರ್ಮಾನ ಒಳ್ಳೆಯದೇ ಇರಬಹುದು. ಆಕ್ಷೇಪ ಇರುವ ಊರಿನವರಿಗೆ ಅಲ್ಲಿ ಕುರ್ಚಿ ಇಲ್ಲ.

ಜಿಲ್ಲಾ ಯೋಜನಾ ಸಮಿತಿಯೂ ಇದೇ ಹಗ್ಗಕ್ಕೆ ಕಟ್ಟಿದ್ದು. ಅದರ ಐದರಲ್ಲಿ ನಾಲ್ಕು ಭಾಗ ಸದಸ್ಯರನ್ನು ಜಿಲ್ಲಾ ಪಂಚಾಯತ್ ಮತ್ತು ನಗರ ಸಂಸ್ಥೆಗಳ ಚುನಾಯಿತರು ತಮ್ಮೊಳಗಿಂದ ಆರಿಸಬೇಕು. ಆರಿಸುವವರೇ ಇಲ್ಲದಿದ್ದರೆ ಜಿಲ್ಲೆಯ ಯೋಜನೆ ಎಂಬುದು ಇಲಾಖೆಗಳ ಪಟ್ಟಿಯನ್ನು ಪಿನ್ ಹಾಕಿ ಜೋಡಿಸಿದ ಕಡತ.

ಇನ್ನು ಮಹಿಳೆಯರು. ದ.ಕ.ದ 8, ಉಡುಪಿಯ 5 ಸೇರಿ 13 ವಿಧಾನಸಭಾ ಕ್ಷೇತ್ರಗಳಲ್ಲಿ 2023ರಲ್ಲಿ ಗೆದ್ದ ಮಹಿಳೆ ಒಬ್ಬರೇ, ಸುಳ್ಯದ ಭಾಗೀರಥಿ ಮುರುಳ್ಯ. ಅವರೂ ಪಂಚಾಯತ್ ರಾಜಕೀಯದಿಂದ ಬಂದವರು. ಎರಡೂ ಜಿ.ಪಂ.ಗಳ ಹಳೆಯ ಲೆಕ್ಕ ಹಿಡಿದರೆ 62 ಸ್ಥಾನ, ಅರ್ಧ ಮಹಿಳೆಯರಿಗೆ. ಐದು ವರ್ಷದಿಂದ ಆ ಅರ್ಧ ಸೊನ್ನೆ.

ತಲಪಾಡಿ ದಾಟಿದರೆ

ಮಂಗಳೂರಿನಿಂದ ಅರ್ಧ ಗಂಟೆ ಹೋದರೆ, ತಲಪಾಡಿ ಗಡಿಯ ಆಚೆ, ಕೇರಳದ ಕಾಸರಗೋಡು ಜಿಲ್ಲೆ. ಅದೇ ತುಳು, ಅದೇ ಕನ್ನಡ, ಅದೇ ಮಳೆ. ಅಲ್ಲಿ 2010, 2015, 2020, 2025ರಲ್ಲಿ ಸ್ಥಳೀಯ ಚುನಾವಣೆ ಆಯಿತು. 2020ರ ಡಿಸೆಂಬರ್‌ನಲ್ಲಿ ಕೊರೊನಾ ಇತ್ತು, ಆದರೂ ಆಯಿತು. 2025ರ ಡಿಸೆಂಬರ್‌ನಲ್ಲಿ ಮಂಜೇಶ್ವರದವರು ಗ್ರಾಮ, ಬ್ಲಾಕ್, ಜಿಲ್ಲಾ ಪಂಚಾಯತ್ ಮೂರಕ್ಕೂ ಒಂದೇ ದಿನ ಮತ ಹಾಕಿ ಬಂದರು.

ಒಂದು ವ್ಯತ್ಯಾಸ ಹೇಳದಿದ್ದರೆ ಅನ್ಯಾಯ ಆಗುತ್ತದೆ. ಕೇರಳದ ಸ್ಥಳೀಯ ಸಂಸ್ಥೆಗಳಲ್ಲಿ ಒಬಿಸಿ ಮೀಸಲಾತಿ ಇಲ್ಲ. ನಮ್ಮ ಅರ್ಧ ತಲೆನೋವು ಅವರಿಗಿಲ್ಲ. ಉಳಿದರ್ಧಕ್ಕೆ ಮಾತ್ರ ಅಲ್ಲಿ ಕಲಿಯುವುದಿದೆ. ಅಲ್ಲಿ ವಾರ್ಡ್ ಗಡಿ ನಿರ್ಣಯ ಮಾಡುವ ಆಯೋಗದ ಅಧ್ಯಕ್ಷರು ರಾಜ್ಯ ಚುನಾವಣಾ ಆಯುಕ್ತರೇ. ಚುನಾವಣೆ ಮಾಡಬೇಕಾದವರ ಕೈಯಲ್ಲೇ ಗೆರೆ ಎಳೆಯುವ ಪೆನ್ಸಿಲ್ ಇದೆ. ನಾವು 2021ರಲ್ಲಿ ತೆಗೆದುಹಾಕಿದ್ದು ಅದನ್ನೇ.

ಚುನಾವಣೆ ಆದರೆ ಎಲ್ಲ ಸರಿಯಾಗುತ್ತಾ?

ಆಗುವುದಿಲ್ಲ. ಸದಸ್ಯರು ಇದ್ದಾಗಲೂ ಅಧಿಕಾರ ಮೇಲಕ್ಕೆ ಜಾರಿದೆ. ಕರಾವಳಿಯಲ್ಲಿ ಅದಕ್ಕೆ ‘9/11’ ಎಂದು ಹೆಸರು. ಗ್ರಾಮ ಪಂಚಾಯತ್ ಕೊಡುವ ನಮೂನೆ 9 ಮತ್ತು 11 ಇಲ್ಲದೆ ಹಳ್ಳಿಯ ನಿವೇಶನ ನೋಂದಣಿ ಆಗುವುದಿಲ್ಲ, ಬ್ಯಾಂಕ್ ಸಾಲ ಸಿಗುವುದಿಲ್ಲ. ನಮ್ಮಲ್ಲಿ ಘಟ್ಟದ ಮೇಲಿನ ಹಾಗೆ ಒತ್ತೊತ್ತಾದ ಊರುಗಳಿಲ್ಲ. ಒಂದೊಂದು ಮನೆ ಒಂದೊಂದು ಗುಡ್ಡದಲ್ಲಿ, ತಮ್ಮದೇ ಜಾಗದಲ್ಲಿ. ಅಪ್ಪನ ಜಾಗದಲ್ಲಿ ಮಗ ಹತ್ತು ಸೆಂಟ್ಸ್ ಭೂ ಪರಿವರ್ತನೆ ಮಾಡಿಸಿ ಮನೆ ಕಟ್ಟುತ್ತಾನೆ. ಆ ಒಂದು ನಿವೇಶನದ ವಿನ್ಯಾಸ ನಕ್ಷೆಗೂ ಪಂಚಾಯತ್ ಬಿಟ್ಟು ಮೇಲಿನ ಪ್ರಾಧಿಕಾರದ ಒಪ್ಪಿಗೆಗೆ ಓಡಬೇಕು ಎಂದಾದಾಗ ಸಿಟ್ಟು ಬಂತು. 2025ರಲ್ಲಿ ಎರಡೂ ಜಿಲ್ಲೆಗಳಲ್ಲಿ ಪಂಚಾಯತ್ ಕಚೇರಿಗಳ ಎದುರು ವಿರೋಧ ಪಕ್ಷದವರು ಪ್ರತಿಭಟನೆ ಮಾಡಿದರು. ಕೆರೆ, ಗದ್ದೆ ಮುಚ್ಚಿ ಅಡ್ಡಾದಿಡ್ಡಿ ಲೇಔಟ್ ಆಗುವುದನ್ನು ತಡೆಯಬೇಕು ಎಂಬ ಸರ್ಕಾರದ ಕಾಳಜಿಯೂ ಸುಳ್ಳಲ್ಲ. ಆದರೆ ಹತ್ತು ಸೆಂಟ್ಸ್ ಮನೆಗೂ ನೂರು ಸೈಟಿನ ಲೇಔಟಿಗೂ ಒಂದೇ ದಾರಿ ಎಂದರೆ ಜನರಿಗೆ ಅರ್ಥವಾಗುವುದಿಲ್ಲ.

ನಗರದಲ್ಲೂ ಹೀಗೇ. 2016ರಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ದೊಡ್ಡ ಯೋಜನೆಗಳು ಪ್ರತ್ಯೇಕ ಕಂಪನಿಯ ಮೂಲಕ ನಡೆದವು. ಅಗೆದ ರಸ್ತೆಯ ಧೂಳಿಗೆ ಬೈಗುಳ ತಿಂದದ್ದು ಕಾರ್ಪೊರೇಟರ್. ಬೈಂದೂರಿನಲ್ಲಿ ಇನ್ನೊಂದು ರೀತಿ. ಪಟ್ಟಣ ಪಂಚಾಯತ್ ವ್ಯಾಪ್ತಿಗೆ ಸೇರಿಸಿದ ಗ್ರಾಮೀಣ ಭಾಗಗಳನ್ನು ಕೈಬಿಡಿ ಎಂದು ರೈತರು ಧರಣಿ ಕೂತರು. ಹಳ್ಳಿಗೆ ಸಿಗುವ ಉದ್ಯೋಗ ಖಾತರಿಯಂಥ ಸೌಲಭ್ಯ ಪಟ್ಟಣವಾದ ಕೂಡಲೇ ತಪ್ಪುತ್ತದೆ ಎಂಬುದು ಅವರ ಅಳಲು.

ಮುಂದೆ ಯಾವುದನ್ನು ಗಮನಿಸಬೇಕು?

ಹೊಸ ನೆಪಗಳು ಸಾಲಾಗಿ ನಿಂತಿವೆ. 2027ರ ಫೆಬ್ರವರಿಯಲ್ಲಿ ಜನಗಣತಿ, ಅದಕ್ಕೂ ಮೊದಲು ಮನೆಪಟ್ಟಿ. ಶಿಕ್ಷಕರು, ಸಿಬ್ಬಂದಿ ಅದರಲ್ಲಿ ಇರುತ್ತಾರೆ. ‘2011ರ ಅಂಕಿ ಹಳೆಯದಾಯಿತು, ಹೊಸ ಲೆಕ್ಕ ಬರಲಿ’ ಎಂಬ ಮಾತು ಬಂದೇ ಬರುತ್ತದೆ. 2028ರಲ್ಲಿ ವಿಧಾನಸಭಾ ಚುನಾವಣೆ.

ಇದರ ನಡುವೆ ರಾಜಕಾರಣಿಗಳಿಗೂ ಬಿಸಿ ತಟ್ಟಬಹುದಾದ ಒಂದು ದಿನಾಂಕ ಇದೆ. ದ.ಕ. ಮತ್ತು ಉಡುಪಿ ಸೇರಿದ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ ಇಬ್ಬರು ಹೋಗುತ್ತಾರೆ. 2021ರ ಡಿಸೆಂಬರ್‌ನಲ್ಲಿ ಆಯ್ಕೆಯಾದ ಆ ಸ್ಥಾನಗಳ ಅವಧಿ 2028ರ ಜನವರಿಗೆ ಮುಗಿಯುತ್ತದೆ. ಆ ಚುನಾವಣೆಗೆ ಮತದಾರರೇ ಪಂಚಾಯತ್, ಪಾಲಿಕೆ ಸದಸ್ಯರು. ಕನಿಷ್ಠ ಶೇ. 75ರಷ್ಟು ಸ್ಥಳೀಯ ಸಂಸ್ಥೆಗಳು ಅಸ್ತಿತ್ವದಲ್ಲಿ ಇಲ್ಲದಿದ್ದರೆ ಇಂಥ ಕ್ಷೇತ್ರಗಳಿಗೆ ಚುನಾವಣೆ ನಡೆಸದಿರುವುದು ಭಾರತದ ಚುನಾವಣಾ ಆಯೋಗ ಪಾಲಿಸಿಕೊಂಡು ಬಂದ ಕ್ರಮ. ಮಹಾರಾಷ್ಟ್ರದಲ್ಲಿ ಹೀಗೆಯೇ ಪರಿಷತ್ ಸ್ಥಾನಗಳು ವರ್ಷಗಟ್ಟಲೆ ಖಾಲಿ ಉಳಿದವು. ಅಲ್ಲಿ 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಗಡುವು ಹಾಕಿದ ಮೇಲೆಯೇ ಸ್ಥಳೀಯ ಚುನಾವಣೆಗಳು ಶುರುವಾದದ್ದು. ಮುಂಬೈ ಪಾಲಿಕೆಗೆ ಮತದಾನ ಆದದ್ದು 2026ರ ಜನವರಿ 15ಕ್ಕೆ.

ಆದ್ದರಿಂದ ಮುಂದಿನ ಸಲ ‘ಚುನಾವಣೆ ಶೀಘ್ರ’ ಎಂಬ ಸುದ್ದಿ ಬಂದಾಗ ಕೆಳಗಿನ ಸಾಲುಗಳನ್ನು ಓದಿ. ಕ್ಷೇತ್ರವಾರು ಮೀಸಲಾತಿಯ ಕರಡು ಗೆಜೆಟ್‌ನಲ್ಲಿ ಬಂದಿದೆಯೇ? ಆಕ್ಷೇಪಣೆಗೆ ಕೊನೆಯ ದಿನ ಯಾವುದು? ಆ ಅವಕಾಶ ಸಾಮಾನ್ಯವಾಗಿ ಕೆಲವೇ ದಿನಗಳದ್ದು. ಪಾಲಿಕೆಯಾದರೆ ವಾರ್ಡ್ ಪಟ್ಟಿಯ ಜೊತೆಗೆ ಮೇಯರ್ ಹುದ್ದೆಯ ಮೀಸಲಾತಿಯನ್ನೂ ಈಗಲೇ ಪ್ರಕಟಿಸುತ್ತಾರೆಯೇ, ಮತ ಎಣಿಸಿದ ಮೇಲೆ ನೋಡೋಣ ಎನ್ನುತ್ತಾರೆಯೇ? ಕೊನೆಯದ್ದಕ್ಕೆ ಉತ್ತರ ಸಿಗದೆ ಮಂಗಳೂರಿನವರು ಮತ ಹಾಕಿದರೆ, 2013ರ ಹಾಗೆ ಗೆದ್ದವರು ಇನ್ನೊಂದು ವರ್ಷ ಮನೆಯಲ್ಲಿ ಕೂರುವ ಸಾಧ್ಯತೆ ಹಾಗೇ ಉಳಿಯುತ್ತದೆ.